ಮದುವೆ ಮಾಡಿಸುವವರು

ಕನ್ನಡದಲ್ಲಿ ಮದುವೆಗೆ ಮೂರು ಕ್ರಿಯಾಪದಗಳಿವೆ. ವಧೂವರರು ಮದುವೆ ಮಾಡಿಕೊಳ್ಳುತ್ತಾರೆ; ತಾಯಿತಂದೆಗಳು ಮದುವೆ ಮಾಡಿಕೊಡುತ್ತಾರೆ; ಪುರೋಹಿತರು ಮದುವೆ ಮಾಡಿಸುತ್ತಾರೆ. ಮೊದಲನೆಯದಿಲ್ಲದೆ ಮದುವೆಯೇ ಇಲ್ಲ. ಆದರೆ ಚಪ್ಪರದಡಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರು ಆ ಮಾಡಿಕೊಳ್ಳುವವರೇ! ಮಾಡಿಸುವವರನ್ನು ನಾವು ಗೊತ್ತುಮಾಡುವುದು ಏತಕ್ಕೆ, ಅವರಿಂದ ಏನನ್ನು ಕೇಳಿ ಪಡೆಯಬಹುದು, ಅವರಿಲ್ಲದೆ ಮದುವೆ ನಡೆಯುವುದೆ ಎಂಬುದನ್ನು ಶಾಸ್ತ್ರ, ರೂಢಿ, ಕಾಯಿದೆ ಇವುಗಳ ಆಧಾರದಿಂದ ಇಲ್ಲಿ ವಿಚಾರಿಸಲೆಣಿಸಿದ್ದೇನೆ. ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಹುಂಚದ ನಮ್ಮ ಮನೆಯ ಜಗಲಿಯಲ್ಲಿ ಹುಟ್ಟಿದ್ದು.

ನಮ್ಮ ಅಕ್ಕನಿಗೆ ಸಂಬಂಧ ಗೊತ್ತಾಗಿತ್ತು. ಗಂಡಿನವರು ಘಟ್ಟದ ಕೆಳಗಿನವರು, ಒಳ್ಳೆಯ ಜನ. ಅಡಿಕೆ ಕೊಯ್ಲು ಮುಗಿದ ಮೇಲೆ ಮುಹೂರ್ತವೆಂದು ಮಾತಾಗಿತ್ತು. ಅಪ್ಪ ಸೋದರಮಾವನನ್ನು ಕರೆದು, “ನಾಳೆ ಪುರೋಹಿತರ ಮನೆಗೆ ಹೋಗಿ ವೀಳ್ಯ ಕೊಟ್ಟು ಬನ್ನಿ” ಎಂದರು. ಅಕ್ಕ ಶಾಲೆಯಲ್ಲಿ ಉಪಾಧ್ಯಾಯಿನಿ. ಬಾಗಿಲ ಬಳಿ ನಿಂತಿದ್ದವಳು ಮೆಲ್ಲನೆ ಹೇಳಿದಳು: “ಅಪ್ಪ, ನಾನು ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಅನ್ನುವುದು ನನಗೆ ತಿಳಿಯಬೇಕು. ಪುರೋಹಿತರು ಅದನ್ನು ಕನ್ನಡದಲ್ಲಿ ಹೇಳುವುದಾದರೆ ಸರಿ. ಇಲ್ಲವೆಂದರೆ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯ ಮಾಡಿಕೊಳ್ಳುತ್ತೇನೆ.” ಅಪ್ಪ ಉತ್ತರ ಕೊಡಲಿಲ್ಲ. ಎದ್ದು ಕೊಟ್ಟಿಗೆಯ ಕಡೆ ಹೋದರು. ಎರಡು ದಿವಸ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಮಾವ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು.

ಇಲ್ಲಿ ನಮ್ಮ ಊರಿನ ವಿಷಯ ಒಂದಿಷ್ಟು ಹೇಳಬೇಕು. ಹುಂಚವೆಂದರೆ ಶಾಸನಗಳ ಪೊಂಬುರ್ಚ, ಭಕ್ತರ ಹೊಂಬುಜ. ಸಾಂತರರ ರಾಜಧಾನಿಯಾಗಿದ್ದ ಊರು. ೧೦೭೭ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಇಲ್ಲಿದೆ. ಪದ್ಮಾವತಿ ಅಮ್ಮನವರ ಸನ್ನಿಧಿ ಇದೆ, ಭಟ್ಟಾರಕರ ಮಠವಿದೆ. “ಮಠ ಊರಲ್ಲೇ ಇರುವಾಗ ನಿಮಗೇಕೆ ಪುರೋಹಿತರ ಚಿಂತೆ? ಸ್ವಾಮಿಗಳೇ ಮದುವೆ ಮಾಡಿಸುವುದಿಲ್ಲವೆ?” ಎಂದು ಸಹಪಾಠಿಗಳು ಕೇಳಿದ್ದುಂಟು. ಇಲ್ಲ. ಸಂಸಾರವನ್ನು ಬಿಟ್ಟವರು ಇನ್ನೊಬ್ಬರನ್ನು ಸಂಸಾರಕ್ಕೆ ಹಚ್ಚುವ ಕ್ರಿಯೆ ಮಾಡಿಸತಕ್ಕದ್ದಲ್ಲ. ಲಗ್ನಪತ್ರಿಕೆಯನ್ನು ಮಠದಲ್ಲಿಟ್ಟು ಆಶೀರ್ವಾದ ಬೇಡುತ್ತೇವೆ, ಅಷ್ಟೆ. ಮದುವೆ ಮಾಡಿಸುವವರು ಗೃಹಸ್ಥರಾದ ಜೈನ ಪುರೋಹಿತರು. ಅವರನ್ನು ಕೆಲವೆಡೆ ಇಂದ್ರರೆಂದೂ ಕೆಲವೆಡೆ ಉಪಾಧ್ಯಾಯರೆಂದೂ ಕರೆಯುತ್ತಾರೆ.

ಈ ಪುರೋಹಿತವರ್ಗ ಹುಟ್ಟಿದ ಬಗೆಯನ್ನು ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಹೇಳಿರುವುದು ಸ್ವಾರಸ್ಯವಾಗಿದೆ. ಭರತ ಚಕ್ರವರ್ತಿ ಅರಮನೆಯ ಅಂಗಳದಲ್ಲಿ ಹಸುರು ಮೊಳಕೆಗಳನ್ನು ಹರಡಿಸಿ ಜನರನ್ನು ಒಳಗೆ ಕರೆದನಂತೆ. ಕೆಲವರು ಅವುಗಳನ್ನು ತುಳಿದುಕೊಂಡೇ ಬಂದರು. ಮೊಳಕೆಯಲ್ಲಿಯೂ ಜೀವವಿದೆಯೆಂದು ತಿಳಿದವರು ಹೊರಗೇ ನಿಂತರು. ಹೊರಗೆ ನಿಂತವರನ್ನು ಭರತನು ದ್ವಿಜರೆಂದು ಮನ್ನಿಸಿದನು. ಅಂದರೆ ಇಲ್ಲಿ ಪೌರೋಹಿತ್ಯಕ್ಕೆ ಯೋಗ್ಯತೆ ಹುಟ್ಟಲ್ಲ, ಕಾಲಿನ ಕೆಳಗೆ ಏನಿದೆಯೆಂಬ ಎಚ್ಚರ. ಮುಂದೆ ಭರತನು ತಾನು ಮಾಡಿದ್ದು ಸರಿಯೆ ಎಂದು ತಂದೆ ಆದಿನಾಥನನ್ನು ಕೇಳುತ್ತಾನೆ. ಈಗ ಸರಿ, ಆದರೆ ಮುಂದಿನ ಕಾಲದಲ್ಲಿ ಇವರು ಗರ್ವದಿಂದ ಕೆಡುವರು ಎಂಬ ಅರ್ಥದ ಉತ್ತರ ಬರುತ್ತದೆ. ತನ್ನ ಪುರೋಹಿತರ ಬಗ್ಗೆ ಇಷ್ಟು ನಿಷ್ಠುರವಾಗಿ ಮಾತನಾಡುವ ಧರ್ಮಗ್ರಂಥಗಳು ಹೆಚ್ಚಿಲ್ಲವೆಂದು ನನ್ನೆಣಿಕೆ. ಅದೇ ಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳೆಂದು ೫೩ ಸಂಸ್ಕಾರಗಳನ್ನು ಎಣಿಸಿದೆ. ವಿವಾಹ ಅವುಗಳಲ್ಲಿ ೧೭ನೆಯದು.

ಪುರೋಹಿತರು ವೃದ್ಧರು. ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆಯನ್ನು ಮುಂದಿಟ್ಟು ನಮಸ್ಕರಿಸಿದೆವು. ಪಂಚಾಂಗ ತೆಗೆದು ದಿನ ನೋಡಿದರು. ಸಾಮಾನಿನ ಪಟ್ಟಿ ಬರೆಸಿದರು. ಬಾಸಿಂಗ, ಕಂಕಣದಾರ, ಅಂತರಪಟದ ಬಟ್ಟೆ, ಅರಳು, ತುಪ್ಪ, ಸಮಿತ್ತು ಎಂದು ಪಟ್ಟಿ ಎರಡು ಪುಟವಾಯಿತು. ಸಂಭಾವನೆಯ ಮಾತನ್ನು ಮಾವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. “ನಿಮಗೆ ತಿಳಿದದ್ದು” ಎಂದರು. ಈ ‘ನಿಮಗೆ ತಿಳಿದದ್ದು’ ಎಂಬುದರಿಂದ ಕೊಡುವವನಿಗೂ ಕಷ್ಟ, ತೆಗೆದುಕೊಳ್ಳುವವನಿಗೂ ಕಷ್ಟ. ಬಾಣಸಿಗರಿಗೆ, ಓಲಗದವರಿಗೆ, ಚಪ್ಪರದವರಿಗೆ ಮುಂಗಡ ಕೊಟ್ಟು ಲೆಕ್ಕ ಬರೆದಿಡುತ್ತೇವೆ. ಮದುವೆಯನ್ನೇ ಮಾಡಿಸುವವರ ಬಳಿ ಏನು ಕೊಡಬೇಕೆಂದೂ ಕೇಳುವುದಿಲ್ಲ, ಅವರು ಏನು ಹೇಳುತ್ತಾರೆಂದೂ ಕೇಳುವುದಿಲ್ಲ.

ನಾನು ಧೈರ್ಯ ಮಾಡಿ ಅಕ್ಕನ ಮಾತನ್ನು ಮುಂದಿಟ್ಟೆ. ಮಾವ ನನ್ನ ತೊಡೆ ಚಿವುಟಿದರು. ಪುರೋಹಿತರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ನಲವತ್ತು ವರ್ಷದಿಂದ ಮಾಡಿಸುತ್ತಿದ್ದೇನೆ. ಮುಹೂರ್ತಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಎಲ್ಲರೂ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ಕೂತುಕೊ, ಬರೆದುಕೊ” ಎಂದರು.

ಅವರು ಹೇಳಿದ್ದರ ಸಾರ ಇದು. ಜೈನ ಪದ್ಧತಿಯ ಸಪ್ತಪದಿಯಲ್ಲಿ ಏಳು ಹೆಜ್ಜೆಗೆ ಏಳು ಪರಮಸ್ಥಾನಗಳನ್ನು ನೆನೆಯುತ್ತಾರೆ. ಸಜ್ಜಾತಿ, ಸದ್ಗೃಹಸ್ಥತ್ವ, ಪಾರಿವ್ರಾಜ್ಯ, ಸುರೇಂದ್ರತೆ, ಸಾಮ್ರಾಜ್ಯ, ಆರ್ಹಂತ್ಯ, ನಿರ್ವಾಣ ಇವೇ ಅವು. ಆದಿಪುರಾಣದಲ್ಲಿ ಕರ್ತ್ರನ್ವಯ ಕ್ರಿಯೆಗಳೆಂದು ಹೇಳಿರುವ ಏಳು ಇವೇ. ನಾನು ಬರೆದುಕೊಳ್ಳುತ್ತ ಮೂರನೆಯದರ ಹತ್ತಿರ ನಿಂತೆ. ಪಾರಿವ್ರಾಜ್ಯವೆಂದರೆ ಸಂನ್ಯಾಸವಲ್ಲವೆ! ಮದುವೆಯ ದಿನ, ಮಾಂಗಲ್ಯದ ಅರಿಸಿನ ಆರುವ ಮೊದಲೇ, ಮನೆ ಬಿಡುವ ಮಾತೆ? “ಹೌದು. ಇಬ್ಬರೂ ಒಬ್ಬರಿಗೊಬ್ಬರು ದಾರಿಗೆ ಅಡ್ಡ ನಿಲ್ಲುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಅದು ತಿಳಿಯದೆ ಹೆಜ್ಜೆ ಇಟ್ಟರೆ ಅದು ಬರೀ ನಡಿಗೆ” ಎಂದರು.

ವೈದಿಕ ಪದ್ಧತಿಯ ಏಳು ಹೆಜ್ಜೆಗಳು ಬೇರೆ. ಅನ್ನ, ಬಲ, ಸಂಪತ್ತು, ಸುಖ, ಸಂತಾನ, ಋತುಗಳು ಎಂದು ಸಾಗಿ ಏಳನೆಯದು ಸಖ್ಯದಲ್ಲಿ ನಿಲ್ಲುತ್ತದೆ. ಒಂದು ಮೋಕ್ಷದಲ್ಲಿ, ಇನ್ನೊಂದು ಗೆಳೆತನದಲ್ಲಿ ಮುಗಿಯುತ್ತದೆ. ಯಾವುದು ಮೇಲು ಎಂಬ ಚರ್ಚೆ ಬೇಡ. ಎರಡರಲ್ಲಿಯೂ ಹೆಜ್ಜೆ ಇಡುವವರು ವಧೂವರರು, ಪುರೋಹಿತರಲ್ಲ. ಗೃಹ್ಯಸೂತ್ರಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಕೈಹಿಡಿಯುವಾಗ ಹೇಳುವ ಋಗ್ವೇದದ ಮಂತ್ರದ ಕ್ರಿಯಾಪದ ಉತ್ತಮಪುರುಷದಲ್ಲಿದೆ. ವರನೇ ವಧುವಿಗೆ ‘ನಾನು ನಿನ್ನ ಕೈ ಹಿಡಿಯುತ್ತೇನೆ’ ಎನ್ನುವ ಅರ್ಥ. ಅದನ್ನು ಪುರೋಹಿತರು ಹೇಳಿ ವರ ಸುಮ್ಮನೆ ಕುಳಿತರೆ ವ್ಯಾಕರಣದ ಪ್ರಕಾರ ಕೈ ಹಿಡಿದವರು ಯಾರಾದಂತಾಯಿತು? ವ್ಯಾಕರಣದ ಉಪನ್ಯಾಸಕರು ಕ್ಷಮಿಸಬೇಕು.

ಇನ್ನು ಕಾಯಿದೆ. ೧೯೫೫ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ ೭ನೆಯ ಕಲಮಿನಂತೆ ವಧೂವರರಲ್ಲಿ ಯಾರಾದರೊಬ್ಬರ ರೂಢಿಯ ವಿಧಿಗಳಿಂದ ಮದುವೆ ನಡೆಯಬಹುದು; ಆ ವಿಧಿಯಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯೊಡನೆ ಮದುವೆ ಪೂರ್ಣವಾಗುತ್ತದೆ. ಮಾಡಿಸುವವನು ಯಾರಾಗಿರಬೇಕೆಂದು ಆ ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ಮುಸಲ್ಮಾನರ ಮದುವೆಗೆ ಕಾಜಿಯ ಹಾಜರಿ ಕಡ್ಡಾಯವಲ್ಲವೆಂದು ೧೮೮೦ರ ಕಾಜಿಗಳ ಕಾಯಿದೆಯೂ ಹೇಳುತ್ತದೆ. ಆದರೆ ವಿಧಿಯೇ ಇಲ್ಲದೆ ಕಾಗದ ಮಾತ್ರ ಇದ್ದರೆ ಸಾಲದು. ೨೦೨೪ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಂಥ ಪ್ರಸಂಗವೇ ಬಂದಿತ್ತು. ಒಂದು ಜೋಡಿ ಯಾವ ಶಾಸ್ತ್ರವನ್ನೂ ಮಾಡದೆ ಖಾಸಗಿ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆದು, ಅದರ ಮೇಲೆ ನೋಂದಣಿಯನ್ನೂ ಮಾಡಿಸಿತ್ತು. ಅದು ಹಿಂದೂ ವಿವಾಹವೇ ಅಲ್ಲವೆಂದು ತೀರ್ಪಾಯಿತು.

ಅಕ್ಕ ಹೇಳಿದ ಕುಪ್ಪಳಿಯ ದಾರಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕುವೆಂಪು ಅವರು ಉಪನಿಷತ್ತು ಮೊದಲಾದವುಗಳಿಂದ ಮಂತ್ರಗಳನ್ನು ಆರಿಸಿ, ಕನ್ನಡದ ಅರ್ಥವನ್ನೂ ಪ್ರತಿಜ್ಞೆಗಳನ್ನೂ ಸೇರಿಸಿ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದರು. ೧೯೬೬ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ಕುಪ್ಪಳಿಯಲ್ಲಿ ನಡೆಯಿತು. ಅಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಹಿರಿಯರೊಬ್ಬರು ಓದುತ್ತಾರೆ, ವಧೂವರರು ಪ್ರತಿಜ್ಞೆಯನ್ನು ತಮ್ಮ ಬಾಯಿಂದಲೇ ಹೇಳುತ್ತಾರೆ. ನಮ್ಮ ತೀರ್ಥಹಳ್ಳಿ ಸೀಮೆಯವರು ನಾಡಿಗೆ ಕೊಟ್ಟ ಕಾಣಿಕೆಗಳಲ್ಲಿ ಇದನ್ನು ನಾನು ಬಹಳ ಮೇಲೆ ಇಡುತ್ತೇನೆ. ಆದರೂ ಒಂದು ತೊಡಕಿದೆ. ತಮಿಳುನಾಡಿನ ಸ್ವಾಭಿಮಾನ ವಿವಾಹಗಳಿಗೆ ಇದೇ ಕಷ್ಟ ಬಂದಿತ್ತು. ೧೯೫೦ರ ದಶಕದಲ್ಲಿ ಅಂಥ ಮದುವೆಯೊಂದನ್ನು ಮದ್ರಾಸು ಹೈಕೋರ್ಟು ಒಪ್ಪಲಿಲ್ಲ. ೧೯೬೭ರಲ್ಲಿ ಅಣ್ಣಾದುರೈಯವರ ಸರಕಾರ ವಿವಾಹ ಕಾಯಿದೆಗೆ ೭-ಎ ಕಲಮನ್ನು ಸೇರಿಸಿ, ಹಿಂದೆ ಆದವುಗಳನ್ನೂ ಸಕ್ರಮಗೊಳಿಸಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಆಗಿಲ್ಲ. ಆದುದರಿಂದ ಮಂತ್ರಮಾಂಗಲ್ಯ ಮಾಡಿಕೊಳ್ಳುವವರು ೧೯೫೪ರ ವಿಶೇಷ ವಿವಾಹ ಕಾಯಿದೆಯಂತೆಯೂ ವಿವಾಹಾಧಿಕಾರಿಯ ಮುಂದೆ ಹೋಗುವುದು ಕ್ಷೇಮ. ಮೂವತ್ತು ದಿನಗಳ ನೋಟೀಸು, ಮೂವರು ಸಾಕ್ಷಿಗಳು ಬೇಕು. ಹಾಗೆ ಮಾಡಿದರೆ ಮನೆತನದ ಆಸ್ತಿಯ ಸಂಬಂಧ ಕಡಿದುಹೋಗುತ್ತದೆಂದು ಮಾವ ಹೆದರಿಸಿದ್ದರು. ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಆ ತೊಂದರೆ ೧೯೭೬ರ ತಿದ್ದುಪಡಿಯಿಂದ ಇಲ್ಲವಾಗಿದೆ.

ಈ ಎರಡು ಕಾಯಿದೆಗಳನ್ನು ಓದುವಾಗ ಒಂದೇ ಮಾತು ಎರಡರಲ್ಲಿಯೂ ಕಂಡಿತು. ತಮಿಳುನಾಡಿನ ೭-ಎ ಕಲಮಿನಲ್ಲಿಯೂ, ವಿಶೇಷ ವಿವಾಹ ಕಾಯಿದೆಯ ೧೨ನೆಯ ಕಲಮಿನಲ್ಲಿಯೂ, ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತನ್ನು ವಧೂವರರು ಹೇಳಬೇಕಾದುದು ‘ತಮಗೆ ತಿಳಿಯುವ ಭಾಷೆಯಲ್ಲಿ’. ಅಕ್ಕ ಕಾಯಿದೆ ಓದಿದವಳಲ್ಲ. ಅವಳು ಕೇಳಿದ್ದೂ ಅಷ್ಟನ್ನೇ.

ಮಾಡಿಸುವವನು ಎಲ್ಲೆಡೆಯೂ ಪುರೋಹಿತನೇ ಆಗಿರುವುದಿಲ್ಲ. ವೀರಶೈವರಲ್ಲಿ ಜಂಗಮರು, ತುಳುನಾಡಿನ ಬಿಲ್ಲವರಲ್ಲಿ ಜಾತಿಯ ಮುಖಂಡನಾದ ಗುರಿಕಾರ. ನಮ್ಮ ನೆರೆಯ ದೀವರ ಮನೆಗಳಲ್ಲಿ ಹೆಂಗಸರು ಗೋಡೆಗೆ ಹಸೆ ಚಿತ್ತಾರ ಬರೆಯದೆ, ಹಾಡು ಹೇಳದೆ ಮದುವೆ ಕಳೆಗಟ್ಟುವುದಿಲ್ಲ. ಆ ಹಾಡು ಎಲ್ಲರಿಗೂ ತಿಳಿಯುವ ಕನ್ನಡ. ಆಸ್ಟ್ರೇಲಿಯದಲ್ಲಿ ೧೯೭೩ರಲ್ಲಿ ಅಟಾರ್ನಿ ಜನರಲ್ ಲಯೊನೆಲ್ ಮರ್ಫಿಯವರು ಪಾದ್ರಿಯಲ್ಲದ ಸಾಮಾನ್ಯ ನಾಗರಿಕರನ್ನು ಮದುವೆ ಮಾಡಿಸಲು ನೇಮಿಸತೊಡಗಿದರು. ಇಂದು ಅಲ್ಲಿನ ಬಹುಪಾಲು ಮದುವೆಗಳು ಅಂಥವರಿಂದಲೇ ನಡೆಯುತ್ತವೆ. ವಧೂವರರು ಒಂದು ತಿಂಗಳಾದರೂ ಮೊದಲೇ ಆ ವ್ಯಕ್ತಿಗೆ ಲಿಖಿತ ನೋಟೀಸು ಕೊಡಬೇಕೆಂಬ ನಿಯಮವಿದೆ. ನಾವಾದರೋ ಮದುವೆ ಮಾಡಿಸುವವರ ಮುಖವನ್ನು ವಧುವಿಗೆ ಮೊದಲು ತೋರಿಸುವುದು ಹಸೆಮಣೆಯ ಮೇಲೆಯೇ.

ಮನೆಗೆ ಬಂದು ನಾನು ಬರೆದುಕೊಂಡದ್ದನ್ನು ಅಕ್ಕನಿಗೆ ಕೊಟ್ಟೆ. ಎರಡು ಸಲ ಓದಿದಳು. ಮೂರನೆಯ ಹೆಜ್ಜೆಯ ಅಡಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, “ಇದನ್ನು ಅವರಿಗೂ ತೋರಿಸಬೇಕು” ಎಂದಳು. ಅವರು ಅಂದರೆ ಭಾವನವರು. ಹಾಳೆಯ ಚಿತ್ರ ತೆಗೆದು ಫೋನಿನಲ್ಲಿ ಕಳುಹಿಸಿದೆ. ರಾತ್ರಿ ಉತ್ತರ ಬಂತು: ಅವರಿಗೂ ಒಪ್ಪಿಗೆ, ಆದರೆ ಅವರ ತಾಯಿಗೆ ಹೇಳುವ ಧೈರ್ಯ ಸಾಲದು. ಅಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಕೇಳದವರಂತೆ ಅಡಿಕೆ ಸುಲಿಯುತ್ತಿದ್ದರು. ಮರುದಿನ ಬೆಳಿಗ್ಗೆ ಚಪ್ಪರದವನಿಗೆ ಮುಂಗಡ ಕೊಟ್ಟು ಬಂದರು.

ಮದುವೆಯ ದಿನ ಪುರೋಹಿತರು ಪ್ರತಿ ಹೆಜ್ಜೆಗೂ ನಿಂತು, ಮಂತ್ರ ಹೇಳಿ, ಕನ್ನಡದಲ್ಲಿ ಅರ್ಥ ಹೇಳಿ, “ಒಪ್ಪಿಗೆಯೆ?” ಎಂದು ಇಬ್ಬರನ್ನೂ ಕೇಳಿದರು. ಓಲಗದವರು ಯಾವಾಗ ಊದಬೇಕೆಂದು ತಿಳಿಯದೆ ತಬ್ಬಿಬ್ಬಾದರು. ಊಟದ ಪಂಕ್ತಿ ತಡವಾಗುತ್ತದೆಂದು ಬಾಣಸಿಗರು ಎರಡು ಸಲ ಬಂದು ಇಣುಕಿದರು. ಮೂರನೆಯ ಹೆಜ್ಜೆಯ ಅರ್ಥ ಕೇಳಿದೊಡನೆ ಭಾವನವರ ತಾಯಿ ಗಾಬರಿಯಿಂದ, “ಇದೇನು ಪುರೋಹಿತರೇ, ನನ್ನ ಮಗ ಸಂನ್ಯಾಸಿಯಾಗುತ್ತಾನೆಯೆ?” ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟರು. ಚಪ್ಪರವೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ತಲೆಯೆತ್ತಿ ಭಾವನವರ ಮುಖ ನೋಡಿ, ಅವರು ಒಪ್ಪಿಗೆ ಎಂದ ಮೇಲೆ ತಾನೂ ಒಪ್ಪಿಗೆ ಎಂದು ಹೆಜ್ಜೆ ಇಟ್ಟಳು. ಅಪ್ಪ ಕಂಬಕ್ಕೆ ಒರಗಿ ನಿಂತು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹೋಮದ ಹೊಗೆ ಆ ಕಡೆಗೇ ಬೀಸುತ್ತಿತ್ತು.

ಸಂಜೆ ಸಂಭಾವನೆಯ ತಟ್ಟೆಯನ್ನು ಪುರೋಹಿತರು ಎಣಿಸದೆಯೇ ತೆಗೆದುಕೊಂಡರು. ಚೀಲ ಹೆಗಲಿಗೇರಿಸಿ ಹೊರಟವರು ತಿರುಗಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು. “ನೀನು ಬರೆದುಕೊಂಡ ಕನ್ನಡವನ್ನು ನನಗೊಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡು. ಬರುವ ಶುಕ್ರವಾರ ಕೋಣಂದೂರಿನ ಕಡೆ ಇನ್ನೊಂದು ಲಗ್ನವಿದೆ” ಎಂದರು.