ಕರೆಂಟ್ ಪುಕ್ಕಟೆ, ಕಂಪ್ರೆಸರ್ ಅಲ್ಲ

ಗೃಹಜ್ಯೋತಿ ಬಂದ ಮೇಲೆ ನಮ್ಮ ಕಡೆ ಕರೆಂಟ್ ಬಿಲ್ ಓದುವವರೇ ಇಲ್ಲದಂತಾಗಿದೆ. ಮೀಟರ್ ರೀಡರ್ ಚೀಟಿ ಹರಿದು ಕೊಟ್ಟರೆ ಕಣ್ಣು ನೇರವಾಗಿ ಹೋಗುವುದು ಕಟ್ಟಬೇಕಾದ ಮೊತ್ತಕ್ಕೆ. ಅಲ್ಲಿ ಸೊನ್ನೆ ಕಂಡರೆ ಚೀಟಿ ಕಿಟಕಿ ಸಂದಿಗೆ ಹೋಯಿತು ಅಂತಲೇ ಲೆಕ್ಕ. ಆ ಚೀಟಿಯಲ್ಲೇ ಆ ತಿಂಗಳು ಎಷ್ಟು ಯೂನಿಟ್ ಉರಿಯಿತು ಅನ್ನುವುದೂ ಅಚ್ಚಾಗಿರುತ್ತದೆ. ಮನೆಯ ಫ್ರಿಜ್ಜಿಗೆ ಕಾಯಿಲೆ ಹತ್ತಿದ್ದರೆ ಮೆಕ್ಯಾನಿಕ್‌ಗಿಂತ ಮೊದಲು ಹೇಳುವುದು ಆ ಅಂಕಿ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ನಮ್ಮ ಮನೆಯಲ್ಲಿ ಬಹಳ ಕಾಲ ಫ್ರಿಜ್ ಇರಲಿಲ್ಲ, ಬೇಕು ಅನ್ನಿಸಿಯೂ ಇರಲಿಲ್ಲ. ತೆಂಗಿನ ಸೀಮೆಯ ಮನೆಯಲ್ಲಿ ಕೆಡುವಂಥದ್ದು ಉಳಿಯುವುದೇ ಕಡಿಮೆ. ಕಾಯಿ ಅಟ್ಟ ಹತ್ತಿ ತಿಂಗಳುಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗುತ್ತದೆ, ಹಾಲು ಡೇರಿಗೆ ಹೋಗುತ್ತದೆ, ಸಾರು ಆ ಹೊತ್ತಿನದು ಆ ಹೊತ್ತಿಗೆ. ಅಪ್ಪನಿಗೆ ಇನ್ಸುಲಿನ್ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಹೆಪ್ಪುಗಟ್ಟಿದರೆ ಎಸೆಯುವುದೊಂದೇ ದಾರಿ, ಹಾಗಾಗಿ ಫ್ರೀಜರ್ ಹತ್ತಿರವೂ ಇಡುವಂತಿಲ್ಲ. ಬೆಂಗಳೂರಿನ ಮನೆಯಲ್ಲಿದ್ದ ಒಂದು ಬಾಗಿಲಿನ ಹಳೇ ಫ್ರಿಜ್ಜನ್ನು ಅಂಗಡಿಯವರು ಎಕ್ಸ್‌ಚೇಂಜ್‌ಗೆ ಕೇಳಿದ ಬೆಲೆ ನೋಡಿ, ಅದಕ್ಕಿಂತ ಊರಿಗೇ ಹೋಗಲಿ ಅಂದೆ.

ಸಾಗಣೆಯ ದುಡ್ಡು ಉಳಿಸುವ ದಾರಿ ನಮ್ಮ ಕಡೆಯವರಿಗೆ ಕಾಯಿಯಲ್ಲೇ ಇದೆ. ಬೆಂಗಳೂರಿಗೆ ತೆಂಗಿನಕಾಯಿ ತುಂಬಿಕೊಂಡು ಹೋದ ಗಾಡಿ ವಾಪಸು ಬರುವಾಗ ಬಹುಪಾಲು ಖಾಲಿ. ಡ್ರೈವರ್‌ಗೆ ಡೀಸೆಲ್‌ಗೆ ಅಂತ ಒಂದಿಷ್ಟು ಕೊಟ್ಟರೆ ಮನೆ ಬಾಗಿಲಿಗೇ ಇಳಿಸಿ ಹೋಗುತ್ತಾನೆ. ಸಾಗಣೆ ಕಂಪನಿಯವರು ಕೇಳಿದ ರೇಟಿನ ಮುಂದೆ ಅದು ಏನೂ ಅಲ್ಲ. ಆದರೆ ಅಗ್ಗದ ಗಾಡಿಯಲ್ಲಿ ಹೇಳಿ ಮಾಡಿಸಬೇಕಾದ ಕೆಲಸ ಹೆಚ್ಚು. ಹೊರಡುವ ಹಿಂದಿನ ದಿನವೇ ಪ್ಲಗ್ ಕಿತ್ತು, ಬಾಗಿಲು ತೆರೆದು, ಮಂಜೆಲ್ಲ ಕರಗಿಸಿ, ಒಳಗೆ ಒರೆಸಿ, ಹಿಂದೆ ಕಂಪ್ರೆಸರ್ ಮೇಲಿರುವ ತಟ್ಟೆಯ ನೀರು ಚೆಲ್ಲಬೇಕು. ಗಾಜಿನ ತಟ್ಟೆ, ತರಕಾರಿ ಡಬ್ಬ ಬೇರೆ ಕಟ್ಟಬೇಕು. ಬಾಗಿಲಿಗೆ ಹಗ್ಗ ಸುತ್ತುವಾಗ ರಬ್ಬರ್ ಮೇಲೆ ಬಿಗಿ ಬೀಳದಂತೆ ಗೋಣಿ ತಾಟು ಇಡಬೇಕು.

ಮುಖ್ಯವಾದದ್ದು ನಿಲ್ಲಿಸಿಯೇ ತರುವುದು. ‘ಮಲಗಿಸ್ಬುಟ್ರೆ ಆಯ್ತದೆ ಸಾರ್, ಅಲ್ಲಾಡಲ್ಲ’ ಅನ್ನುವುದು ಎಲ್ಲ ಡ್ರೈವರುಗಳ ಮಾತು. ಫ್ರಿಜ್ ಮಲಗಿದರೆ ಕಂಪ್ರೆಸರ್ ಒಳಗಿನ ಎಣ್ಣೆ ಗ್ಯಾಸ್ ಓಡುವ ಕೊಳವೆಗೆ ಇಳಿಯುತ್ತದೆ. ಹಾಗೇ ಚಾಲೂ ಮಾಡಿದರೆ ಎಣ್ಣೆ ಇಲ್ಲದ ಕಂಪ್ರೆಸರ್ ಸವೆಯುತ್ತದೆ, ಕೊಳವೆಯೂ ಕಟ್ಟಿಕೊಳ್ಳಬಹುದು. ವಿಧಿಯಿಲ್ಲದೆ ಮಲಗಿಸಿದ್ದರೆ ಊರಿಗೆ ತಂದು ನಿಲ್ಲಿಸಿ ಒಂದು ದಿನ ಸುಮ್ಮನೆ ಬಿಡಬೇಕು. ನಿಲ್ಲಿಸಿಯೇ ತಂದದ್ದಕ್ಕೂ ಎರಡು ಮೂರು ಗಂಟೆ ಬಿಡುವು ಕೊಡುವುದು ಒಳ್ಳೆಯದು, ಬಿ.ಎಚ್. ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ ನಮ್ಮ ರಸ್ತೆಗಳಲ್ಲಿ ನಿಂತದ್ದೂ ಕುಣಿಯುತ್ತದೆ. ನಮ್ಮೂರಿನ ಹೆಸರಿನಲ್ಲಿ ‘ಸಂಪಿಗೆ ರೋಡ್’ ಅಂತ ರೈಲ್ವೆ ಸ್ಟೇಷನ್ ಇದೆ, ಫ್ರಿಜ್ಜಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಊರಿಗೆ ಬಂದ ಫ್ರಿಜ್ಜಿನ ಮೊದಲ ಶತ್ರು ವೋಲ್ಟೇಜ್. ತ್ರೀ ಫೇಸ್ ಬಂತು ಅಂದರೆ ತೋಟದ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಮನೆಗಳಿಗೆ ಬೇರೆ ಫೀಡರ್ ಕೊಡುವ ನಿರಂತರ ಜ್ಯೋತಿ ಬಂದ ಮೇಲೆ ಸುಧಾರಿಸಿದೆ ನಿಜ, ಆದರೆ ಲೈನಿನ ಕೊನೆಯಲ್ಲಿರುವ ತೋಟದ ಮನೆಗಳ ಕಥೆ ಬೇರೆ. ಕಮ್ಮಿ ವೋಲ್ಟೇಜಿನಲ್ಲಿ ಕಂಪ್ರೆಸರ್ ಏಳಲಾರದೆ ಗುಂಯ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ‘ಟಿಕ್’ ಅಂತ ಓವರ್‌ಲೋಡ್ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಗುಂಯ್. ಈ ಆಟ ದಿನಾ ನಡೆದರೆ ಒಳಗಿನ ವೈಂಡಿಂಗ್ ಸುಡುತ್ತದೆ. ಕರೆಂಟ್ ಹೋಗಿ ತಕ್ಷಣ ಬಂದಾಗಲೂ ಹೀಗೆಯೇ: ಕೊಳವೆಯಲ್ಲಿ ಗ್ಯಾಸಿನ ಒತ್ತಡ ಇಳಿದಿರುವುದಿಲ್ಲ, ಕಂಪ್ರೆಸರ್ ತಿರುಗಲು ಒದ್ದಾಡುತ್ತದೆ. ಅದಕ್ಕೇ ಸ್ಟೆಬಿಲೈಜರ್ ಕೊಳ್ಳುವಾಗ ಮೂರ್ನಾಲ್ಕು ನಿಮಿಷ ತಡೆದು ಕರೆಂಟ್ ಬಿಡುವಂಥದ್ದನ್ನೇ ಕೇಳಿ. ಹೊಸ ಫ್ರಿಜ್ಜುಗಳಿಗೆ ‘ಸ್ಟೆಬಿಲೈಜರ್ ಬೇಡ’ ಅಂತ ಅಂಗಡಿಯವರು ಹೇಳುತ್ತಾರೆ. ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ಬೇಡ ಅನ್ನುವುದು ಪುಸ್ತಕದಲ್ಲಿ ಬರೆದಿರುತ್ತದೆ, ನಿಮ್ಮ ಮನೆಯ ಸಂಜೆ ಹೊತ್ತಿನ ವೋಲ್ಟೇಜ್ ಅದರೊಳಗೆ ಬರುತ್ತದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ ನೋಡಿ. ಅರ್ಥಿಂಗ್ ಬಗ್ಗೆ ಇಷ್ಟೇ: ಬಾಗಿಲು ಮುಟ್ಟಿದರೆ ಜುಂ ಅಂದರೆ ಅವತ್ತೇ ಪ್ಲಗ್ ಕಿತ್ತು ಸರಿ ಮಾಡಿಸಿ, ಚಪ್ಪಲಿ ಹಾಕಿಕೊಂಡು ತೆಗೆಯುವುದು ಪರಿಹಾರವಲ್ಲ.

ಎರಡನೇ ಶತ್ರುವಿನ ಬಗ್ಗೆ ಕಂಪನಿಯ ಪುಸ್ತಕದಲ್ಲಿ ಬರೆದಿಲ್ಲ, ಯಾಕೆಂದರೆ ಅದು ನಮ್ಮ ಸೀಮೆಯದು. ಅಂಗಳದಲ್ಲಿ ಕಾಯಿ ಸುಲಿದರೆ ನಾರಿನ ಧೂಳು. ಒಲೆಗೆ ಮಟ್ಟೆ, ಚಿಪ್ಪು ಹಾಕಿದರೆ ಎಣ್ಣೆ ಬೆರೆತ ಹೊಗೆ. ಎರಡೂ ಸೇರಿ ಫ್ರಿಜ್ಜಿನ ಹಿಂದಿನ ಕಪ್ಪು ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತವೆ. ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಜಾಗವೇ ಆ ಜಾಲರಿ. ಅದು ಮುಚ್ಚಿದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ನಮ್ಮ ಮನೆಯಲ್ಲಿ ಫ್ರಿಜ್ಜನ್ನು ಒಲೆಯ ಕೋಣೆಯಿಂದ ನಡುಮನೆಗೆ ತಂದು, ಗೋಡೆಯಿಂದ ಒಂದು ಗೇಣು ಮುಂದಿಟ್ಟಿದ್ದೇವೆ. ಆಗಾಗ ಪ್ಲಗ್ ಕಿತ್ತು ಒಣ ಬ್ರಷ್ಷಿನಲ್ಲಿ ಜಾಲರಿ ಉಜ್ಜುವುದುಂಟು. ಕೊಬ್ಬರಿ ಇದ್ದಲ್ಲಿ ಇಲಿಯೂ ಇರುತ್ತದೆ, ಇಲಿಗೆ ವೈರ್ ಅಂದರೆ ಪ್ರಾಣ. ಉಜ್ಜುವಾಗ ವೈರುಗಳ ಮೇಲೂ ಕಣ್ಣಾಡಿಸಿ.

ಇಷ್ಟಾದರೂ ಬಿಲ್ ಚೀಟಿಯ ಯೂನಿಟ್ ಏರಿತು. ಫ್ರಿಜ್ ಬರುವ ಮೊದಲು ಆ ಮನೆಯ ಬಳಕೆ ತಿಂಗಳಿಗೆ ನಲವತ್ತು ಯೂನಿಟ್ ಒಳಗೆ. ಬಂದ ಮೇಲೆ ಎಪ್ಪತ್ತರ ಆಸುಪಾಸು, ಅದು ನ್ಯಾಯವೇ. ಹಳೇ ಫ್ರಿಜ್ ದಿನಕ್ಕೊಂದು ಯೂನಿಟ್ ತಿನ್ನುತ್ತದೆ. ಆಮೇಲೆ ತೊಂಬತ್ತು ಮುಟ್ಟಿತು. ಇಂಥ ಹೊತ್ತಿನಲ್ಲಿ ಯಾರನ್ನೂ ಕರೆಸದೆ ಮಾಡಬಹುದಾದ ಪರೀಕ್ಷೆ ಒಂದಿದೆ. ರಾತ್ರಿ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಒಂದನ್ನೇ ಬಿಟ್ಟು, ಮೀಟರ್ ಓದಿ ಬರೆದಿಟ್ಟು ಬೆಳಿಗ್ಗೆ ಮತ್ತೆ ಓದಿ. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೂ ಇದನ್ನೇ ಹೇಳುತ್ತದೆ. ಎಷ್ಟು ಮಿನುಗಿಗೆ ಒಂದು ಯೂನಿಟ್ ಅನ್ನುವುದು ಮೀಟರ್ ಮುಖದ ಮೇಲೇ ಬರೆದಿರುತ್ತದೆ. ಆರೋಗ್ಯವಾಗಿರುವ ಫ್ರಿಜ್ ಓಡಿ, ನಿಂತು, ಮತ್ತೆ ಓಡುತ್ತದೆ. ನಮ್ಮದು ನಿಲ್ಲುತ್ತಲೇ ಇರಲಿಲ್ಲ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದರೆ ಸಲೀಸಾಗಿ ಬಂತು. ಕೆಳಗಡೆ ರಬ್ಬರ್ ಸೀಳಿತ್ತು.

‘ಬಿಲ್ ಏನು ಜಾಸ್ತಿ ಬಂದಿಲ್ವಲ್ಲಪ್ಪ, ಯಾಕೆ ದುಡ್ಡು ಹಾಕ್ತೀಯ?’ ಅಂದರು ಅಮ್ಮ. ಊರಿನ ಮುಕ್ಕಾಲು ಮನೆಗಳ ವಾದವೂ ಇದೇ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅನ್ನುವುದು ತಪ್ಪು ತಿಳಿವಳಿಕೆ. 2022–23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇ 10, ಅಷ್ಟೇ ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಅಂತ 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಈ ಮಿತಿ ದಾಟಿದರೆ ದಾಟಿದ ಯೂನಿಟ್‌ಗೆ ಹಣ, 200 ದಾಟಿದರೆ ಪೂರ್ತಿ ಬಿಲ್. ನಮ್ಮ ಮನೆಯಂಥ, ಇಬ್ಬರೇ ವಯಸ್ಸಾದವರಿರುವ ಮನೆಯ ಮಿತಿ ಐವತ್ತರ ಒಳಗೇ. ತೊಂಬತ್ತು ಬಳಸಿದರೆ ನಲವತ್ತು ಯೂನಿಟ್ ಮೇಲೆ. ಯೂನಿಟ್‌ಗೆ ಸುಮಾರು ಆರು ರೂಪಾಯಿ ಹಿಡಿದರೆ ತಿಂಗಳಿಗೆ ಇನ್ನೂರ ನಲವತ್ತು. ಫ್ರಿಜ್ ಸರಿಯಿದ್ದಿದ್ದರೆ ಅದರಲ್ಲಿ ಅರ್ಧ ಉಳಿಯುತ್ತಿತ್ತು. ಅಮ್ಮ ಹೇಳಿದ್ದು ಸರಿ, ಇದು ಮನೆ ಮುರಿಯುವ ದುಡ್ಡಲ್ಲ.

ಕೆಲವರ ಮನೆಯಲ್ಲಿ ಆ ಇನ್ನೂರೂ ಕಾಣುವುದಿಲ್ಲ. ಅವರ ಫ್ರಿಜ್ಜಿನ ಕಾಯಿಲೆ 2022–23ರಲ್ಲೇ ಇತ್ತು, ಪೋಲಾದ ಯೂನಿಟ್ಟೂ ಸರಾಸರಿಗೆ ಸೇರಿ ಉಚಿತವಾಗಿಬಿಟ್ಟಿದೆ. ಬಿಲ್ ಸೊನ್ನೆ. ಆದರೆ ದಿನಕ್ಕೆ ಹತ್ತು ಗಂಟೆ ಓಡಬೇಕಾದ ಕಂಪ್ರೆಸರ್ ಇಪ್ಪತ್ತು ಗಂಟೆ ಓಡುತ್ತಿದೆ. ಕರೆಂಟ್ ಸರ್ಕಾರದ್ದು, ಕಂಪ್ರೆಸರ್ ನಿಮ್ಮದು. ಸಾವಿರದ ಆಸುಪಾಸಿನಲ್ಲಿ ಮುಗಿಯುವ ರಬ್ಬರ್ ಹಾಕಿಸದೆ ಅದರ ಐದಾರು ಪಟ್ಟಿನ ಕಂಪ್ರೆಸರ್ ಕಳೆದುಕೊಳ್ಳುವುದು ಹೀಗೆ.

ರಿಪೇರಿಗೆ ಎಲ್ಲಿಯವರೆಗೆ ಕೈ ಬಿಚ್ಚಬೇಕು ಅನ್ನುವುದರಲ್ಲಿ ನನ್ನದೊಂದು ಕಟ್ಟು ಇದೆ. ರಿಲೇ, ಓವರ್‌ಲೋಡ್, ಥರ್ಮೋಸ್ಟಾಟ್, ರಬ್ಬರ್ ಇವಕ್ಕೆ ಯೋಚನೆ ಬೇಡ, ಹಾಕಿಸಿ. ತರಕಾರಿ ಡಬ್ಬದಲ್ಲಿ ನೀರು ನಿಂತರೆ ಅದು ರಿಪೇರಿಯೇ ಅಲ್ಲ, ಹಿಂದಿನ ನೀರಿನ ತೂತು ಕಟ್ಟಿದೆ, ಬಿಸಿನೀರು ಬಿಟ್ಟರೆ ಹೋಗುತ್ತದೆ. ‘ಗ್ಯಾಸ್ ಖಾಲಿ ಆಗಿದೆ’ ಅಂದಾಗ ಮಾತ್ರ ನಿಲ್ಲಿ. ಗ್ಯಾಸ್ ಉರಿದು ಖಾಲಿಯಾಗುವ ವಸ್ತುವಲ್ಲ, ಸೋರಿದರೆ ಮಾತ್ರ ಕಮ್ಮಿಯಾಗುತ್ತದೆ. ಸೋರಿದ ಜಾಗ ತೋರಿಸದೆ ಬರೀ ಗ್ಯಾಸ್ ತುಂಬುವವನಿಗೆ ದುಡ್ಡು ಕೊಟ್ಟರೆ ಮುಂದಿನ ಬೇಸಿಗೆಗೆ ಅವನೇ ಮತ್ತೆ ಬರುತ್ತಾನೆ. ಈಗಿನ ಫ್ರಿಜ್ಜುಗಳಲ್ಲಿರುವುದು ಬಹುಪಾಲು ಆರ್–600ಎ, ಅಂದರೆ ಐಸೋಬ್ಯೂಟೇನ್. ಅಡುಗೆ ಗ್ಯಾಸಿನ ಕುಲದ್ದು, ಬೆಂಕಿ ಹತ್ತುತ್ತದೆ. ಕೆಲಸ ಗೊತ್ತಿಲ್ಲದವನು ಒಳಮನೆಯಲ್ಲಿ ಟಾರ್ಚ್ ಹಚ್ಚಿದರೆ ಅಪಾಯ. ಸೋರಿಕೆಗೆ ಹೆಚ್ಚಾಗಿ ಕಾರಣರು ನಾವೇ. ಮಂಜು ಕಟ್ಟಿದಾಗ ಡಿಫ್ರಾಸ್ಟ್ ಗುಂಡಿ ಒತ್ತಿ ಕಾಯುವ ತಾಳ್ಮೆ ಇಲ್ಲದೆ ಚಾಕು ಹಾಕಿ ಕೀಳುತ್ತೇವೆ, ತೂತು ಬೀಳುತ್ತದೆ. ಹತ್ತು ವರ್ಷ ದಾಟಿದ ಫ್ರಿಜ್ಜಿಗೆ ಕಂಪ್ರೆಸರ್ ಬದಲಿಸುವುದನ್ನಂತೂ ನಾನು ಒಪ್ಪುವುದಿಲ್ಲ. ‘ಹತ್ತು ವರ್ಷ ವಾರಂಟಿ’ ಅನ್ನುವ ಸ್ಟಿಕ್ಕರ್ ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಗ್ಯಾಸ್, ಕೂಲಿ, ಸಾಗಣೆ ನಿಮ್ಮ ತಲೆಗೆ ಬೀಳಬಹುದು. ಕೊಳ್ಳುವ ದಿನವೇ ಓದಿಕೊಳ್ಳಿ.

ಹೊಸದು ಕೊಳ್ಳುವ ಹೊತ್ತು ನಮ್ಮಲ್ಲಿ ಕೊಬ್ಬರಿ ಮಾರಿದ ಹೊತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲ್‌ಗೆ 12,000 ರೂಪಾಯಿ, 2025ಕ್ಕೆ 12,100. 2023ರಲ್ಲಿ ಪೇಟೆ ಬೆಲೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದು ರೈತರು ತಿಪಟೂರಿನಲ್ಲಿ ಧರಣಿ ಕೂತಿದ್ದರು. 2025ರಲ್ಲಿ ಅದೇ ಪೇಟೆ ಬೆಂಬಲ ಬೆಲೆಯನ್ನು ಬಹಳ ಹಿಂದೆ ಹಾಕಿ ಓಡಿತು. ಒಳ್ಳೆ ರೇಟು ಸಿಕ್ಕ ವರ್ಷ ಎರಡು ಬಾಗಿಲಿನದೇ ಬೇಕು ಅನ್ನಿಸುತ್ತದೆ. ಬಡ್ಡಿಯಿಲ್ಲದ ಕಂತು ಅಂತಲೂ ಕರೆಯುತ್ತಾರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಕೇಳಿದರೆ ಬಡ್ಡಿ ಎಲ್ಲಿ ಅಡಗಿದೆ ಅಂತ ಗೊತ್ತಾಗುತ್ತದೆ. ನಕ್ಷತ್ರ ಎಣಿಸುವುದಕ್ಕಿಂತ ಲೇಬಲ್ಲಿನ ಮೇಲೆ ಬರೆದ ವರ್ಷದ ಯೂನಿಟ್ ಓದಿ, ಹನ್ನೆರಡರಿಂದ ಭಾಗಿಸಿ, ನಿಮ್ಮ ಗೃಹಜ್ಯೋತಿ ಮಿತಿಯಲ್ಲಿ ಉಳಿದಿರುವ ಯೂನಿಟ್ಟಿನ ಪಕ್ಕ ಇಟ್ಟು ನೋಡಿ.

ಹೊಸದು ಬಂದ ಮೇಲೆ ಹಳೆಯದನ್ನು ‘ತಣ್ಣೀರಿಗಿರಲಿ’ ಅಂತ ಕೊಟ್ಟಿಗೆಯಲ್ಲೋ ತೋಟದ ಮನೆಯಲ್ಲೋ ಓಡಿಸಬೇಡಿ. ಎರಡು ಫ್ರಿಜ್ ಓಡುವ ಮನೆಗೆ ಸೊನ್ನೆ ಬಿಲ್ ಬಹಳ ದಿನ ಬರುವುದಿಲ್ಲ. ಎಕ್ಸ್‌ಚೇಂಜ್‌ಗೆ ಕೊಡಿ, ಇಲ್ಲವೇ ಸಿಕ್ಕಷ್ಟಕ್ಕೆ ಮಾರಿ. ಅಲ್ಲಿಯವರೆಗೆ ಹೊರಗಿಡುವುದಾದರೆ ಬಾಗಿಲು ಬಿಚ್ಚಿಟ್ಟುಬಿಡಿ, ಆಡುವ ಮಕ್ಕಳು ಒಳಗೆ ಸೇರಿಕೊಳ್ಳುತ್ತಾರೆ.