ಗೋಡೆಗೆ ಫೋಮ್ ಅಂಟಿಸುವ ಮುಂಚೆ

ಪಕ್ಕದ ಫ್ಲಾಟಿನ ಟಿ.ವಿ. ಸದ್ದಿಗೆ ಅಪ್ಪನಿಗೆ ನಿದ್ದೆ ಬರುವುದಿಲ್ಲ, ರಿಪೇರಿ ಕೆಲಸದ ಜೊತೆಗೇ ಆ ಗೋಡೆಗೆ ಫೋಮ್ ಹಾಕಿಸಿಬಿಡುತ್ತೇನೆ ಅಂದೆಯಲ್ಲ, ಅದೊಂದು ಬೇಡ ಮಗಳೇ. ಮೊಟ್ಟೆ ಟ್ರೇಯ ಹಾಗೆ ಉಬ್ಬುತಗ್ಗಿರುವ ಆ ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತದೆ, ಅಷ್ಟೇ. ಹಾಡು ರೆಕಾರ್ಡ್ ಮಾಡುವವರಿಗೆ ಅದು ಬೇಕು. ಆಚೆ ಮನೆಯ ಸದ್ದು ತಡೆಯುವಷ್ಟು ತೂಕ ಅದರಲ್ಲಿಲ್ಲ.

ಮೊದಲು ಸಂದು ಮುಚ್ಚಿಸು. ಸದ್ದು ನೀರಿದ್ದ ಹಾಗೆ, ಸಣ್ಣ ಬಿರುಕು ಸಿಕ್ಕರೂ ಸಾಕು. 45 ಡೆಸಿಬೆಲ್ ತಡೆಯಬಲ್ಲ ಗೋಡೆಯಲ್ಲಿ ನೂರಕ್ಕೆ 1 ಭಾಗ ತೆರೆದಿದ್ದರೆ, ಅದು ತಡೆಯುವುದು ಸುಮಾರು 20 ಡೆಸಿಬೆಲ್ ಮಾತ್ರ. ಫಾಲ್ಸ್ ಸೀಲಿಂಗ್ ಬಿಚ್ಚಿದಾಗ ಏಣಿ ಹತ್ತಿ ನೀನೇ ನೋಡು. ಗೋಡೆಯ ತುದಿಗೂ ಬೀಮಿಗೂ ನಡುವೆ ಗಾರೆಯನ್ನು ಕಾಟಾಚಾರಕ್ಕೆ ತುಂಬಿರುವುದು ಎಷ್ಟೋ ಮನೆಗಳಲ್ಲಿ ಇದೆ. ಎರಡು ಮನೆಯ ಸ್ವಿಚ್ ಬಾಕ್ಸುಗಳು ಬೆನ್ನಿಗೆ ಬೆನ್ನು ಕೊಟ್ಟಿದ್ದರೆ ಅಲ್ಲಿ 4 ಇಂಚಿನ ಗೋಡೆ ಉಳಿದಿರುವುದೇ ಒಂದಿಷ್ಟು. ನಿನ್ನ ಕಡೆಯ ಬಾಕ್ಸನ್ನು ಬೇರೆ ಗೋಡೆಗೆ ಸಾಗಿಸು, ಹಳೆಯ ಗುಂಡಿಗೆ ಗಟ್ಟಿಯಾಗಿ ಗಾರೆ ತುಂಬಿಸು. ಪೈಪು, ಎ.ಸಿ. ಕೊಳವೆ ತೂರಿದ ತೂತುಗಳಿಗೂ ಹಾಗೇ, ಮೇಲೆ ಗಟ್ಟಿಯಾಗದ, ಬಾಗುವ ಸೀಲೆಂಟ್. ಬಣ್ಣ ಬಿದ್ದ ಮೇಲೆ ಇದನ್ನೆಲ್ಲ ಯಾರೂ ಮಾಡುವುದಿಲ್ಲ.

ಇಷ್ಟಾದರೂ ಸದ್ದು ಬಂದರೆ ಮಾತ್ರ ಎರಡನೆಯ ಗೋಡೆಯ ಯೋಚನೆ. ಇಟ್ಟಿಗೆಯದು ಬೇಡ, ಮೇಲಿನ ಮಹಡಿಯ ಸ್ಲ್ಯಾಬಿಗೆ ಆ ಭಾರ ಹೊರಿಸಲು ಎಂಜಿನಿಯರ್ ಒಪ್ಪಬೇಕು. ಹಳೆಯ ಗೋಡೆಗೆ ತಾಗದಂತೆ ಒಂದು ಚೌಕಟ್ಟು ನಿಲ್ಲಿಸಿ, ಒಳಗೆ 50 ಮಿಲಿಮೀಟರ್ ರಾಕ್‌ವೂಲ್ ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್. ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬರಕೂಡದು. ‘ತಾಗದಂತೆ’ ಅನ್ನುವುದನ್ನು ಮೇಸ್ತ್ರಿಗೆ ಎರಡು ಸಲ ಹೇಳು. ಅಲ್ಲಾಡದಿರಲಿ ಅಂತ ಅವರು ನಡುವೆ ಎರಡು ಮೊಳೆ ಹೊಡೆದರೆ, ಸದ್ದು ಆ ಮೊಳೆ ಹಿಡಿದೇ ದಾಟುತ್ತದೆ. ಕೋಣೆ ನಾಲ್ಕೈದು ಇಂಚು ಕಿರಿದಾಗುತ್ತದೆ, ಮಂಚದ ಅಳತೆ ಈಗಲೇ ನೋಡಿಕೋ.

ಬಾಗಿಲನ್ನು ಎಲ್ಲರೂ ಮರೆಯುತ್ತಾರೆ. ಒಳಗೆ ಟೊಳ್ಳಾದ ಅಗ್ಗದ ಬಾಗಿಲು, ಅಡಿಯಲ್ಲಿ ಅರ್ಧ ಇಂಚು ಸಂದು ಇದ್ದರೆ ಹಾಲಿನ ಮಾತೆಲ್ಲ ಅಪ್ಪನ ಹಾಸಿಗೆಗೆ ಬರುತ್ತದೆ. ಗೋಡೆಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ 35 ಮಿಲಿಮೀಟರಿನ ಗಟ್ಟಿ ಫ್ಲಶ್ ಬಾಗಿಲು ಹಾಕಿಸು, ಸುತ್ತ ರಬ್ಬರ್ ಪಟ್ಟಿ, ಅಡಿಗೂ ಒಂದು ಸೀಲ್.

ಪಕ್ಕದವರ ಮಿಕ್ಸಿ, ಒರಳು ಕಲ್ಲಿನ ಗುದ್ದು ಗೋಡೆಯಲ್ಲೇ ನಡುಗಿಕೊಂಡು ಬರುತ್ತದೆ, ಅದು ಇದ್ಯಾವುದಕ್ಕೂ ಪೂರ್ತಿ ಬಗ್ಗುವುದಿಲ್ಲ. ಅವರ ಮಿಕ್ಸಿಯಡಿಗೆ ಒಂದು ದಪ್ಪ ರಬ್ಬರ್ ಮ್ಯಾಟ್ ನೀನೇ ಕೊಂಡುಹೋಗಿ ಕೊಡು. ಅಪ್ಪನ ನಿದ್ದೆಯ ವಿಷಯ ಸಮಾಧಾನದಿಂದ ಹೇಳು, ಕೇಳುವ ಜನ ಅವರು.

ಬಣ್ಣದವರನ್ನು ಕರೆಯುವ ಹಿಂದಿನ ರಾತ್ರಿ ಕೋಣೆ ಕತ್ತಲೆ ಮಾಡಿ, ಬಾಗಿಲು ಮುಚ್ಚಿ, ಹಾಲಿನಿಂದ ಯಾರಾದರೂ ಚೌಕಟ್ಟಿನ ಸುತ್ತ ಟಾರ್ಚ್ ಹಿಡಿಯಲಿ. ಒಳಗೆ ಬೆಳಕಿನ ಗೆರೆ ಕಂಡ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬೆಳಿಗ್ಗೆ ಮೇಸ್ತ್ರಿಗೆ ತೋರಿಸು.