ಮರದ ಬೊಡ್ಡೆ ತೆಗೆಸುವಿಕೆ: ವಿಧಾನ, ಕರಾರು ಮತ್ತು ಲೆಕ್ಕಪತ್ರ

ಮನೆಯ ಹಿತ್ತಿಲಿನ ಅಥವಾ ಶೆಡ್ಡಿನ ಆವರಣದ ಮರವನ್ನು ಕಡಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರು ಅನೇಕರು. ಆದರೆ ನೆಲದಲ್ಲಿ ಉಳಿದ ಬೊಡ್ಡೆಯ ವೆಚ್ಚವು ಮುಂದಕ್ಕೆ ಹೋಗುವುದೇ ಹೊರತು ಇಲ್ಲವಾಗುವುದಿಲ್ಲ. ಬೇವು, ನೀಲಗಿರಿ ಮುಂತಾದವುಗಳ ಬುಡ ಮತ್ತೆ ಚಿಗುರುತ್ತದೆ. ಒಣಗಿದ ಬುಡಕ್ಕೆ ಗೆದ್ದಲು ಹತ್ತುತ್ತದೆ. ಬೊಡ್ಡೆಯ ಮೇಲೆಯೇ ಕಾಂಕ್ರೀಟ್ ನೆಲ ಹಾಕಿಸಿದಲ್ಲಿ, ಅದು ಕೊಳೆತಂತೆ ಕೆಳಗೆ ಟೊಳ್ಳು ಉಂಟಾಗಿ ನೆಲವು ಬಿರುಕು ಬಿಡುವ ಅಥವಾ ಕುಸಿಯುವ ಸಂಭವವಿದೆ.

ವಿಧಾನಗಳು

1. ಆಳುಗಳಿಂದ ಅಗೆಸುವುದು: ಸಣ್ಣ ಬುಡಗಳಿಗೆ ಹಾಗೂ ಯಂತ್ರ ನುಗ್ಗದ ಓಣಿಗಳಿಗೆ ಇದು ಸೂಕ್ತ, ಕಾಲಾವಧಿ ಹೆಚ್ಚು.

2. ಜೆಸಿಬಿಯಿಂದ ಕೀಳಿಸುವುದು: ಬೇರುಸಹಿತ ಬರುವುದರಿಂದ ಕಟ್ಟಡದ ತಳಪಾಯ ಬರುವ ಜಾಗಕ್ಕೆ ಇದೇ ಯೋಗ್ಯ. ಆದರೆ ಬೇರಿನೊಡನೆ ಕಾಂಪೌಂಡ್ ಗೋಡೆಯೂ ನೀರಿನ ಕೊಳವೆಯೂ ಏಳಬಹುದು.

3. ಯಂತ್ರದಿಂದ ಅರೆಸುವುದು: ಸ್ಟಂಪ್ ಗ್ರೈಂಡರಿನ ಗಟ್ಟಿ ಹಲ್ಲುಗಳುಳ್ಳ ಚಕ್ರವು ಬೊಡ್ಡೆಯನ್ನು ನೆಲಮಟ್ಟದಿಂದ ಸಾಮಾನ್ಯವಾಗಿ 6ರಿಂದ 12 ಅಂಗುಲ ಕೆಳಗಿನವರೆಗೆ ಚೂರು ಮಾಡುತ್ತದೆ. ಸುತ್ತಲ ನೆಲ ಹೆಚ್ಚು ಕೆಡುವುದಿಲ್ಲ. ಆಳದ ಬೇರುಗಳು ಉಳಿಯುವುದರಿಂದ ಅಂಗಳಕ್ಕೆ ಮತ್ತು ತೋಟಕ್ಕೆ ಇದು ಸಾಕು, ತಳಪಾಯಕ್ಕೆ ಸಾಲದು. ಗುಂಡಿಯಿಂದ ಚೂರುಗಳನ್ನು ತೆಗೆದು ಮಣ್ಣು ತುಂಬಿಸತಕ್ಕದ್ದು. ಇಲ್ಲವಾದಲ್ಲಿ ಅವು ಕೊಳೆತು ನೆಲ ತಗ್ಗುತ್ತದೆ.

ಶ್ರೀಗಂಧದ ಬೇರಿನಲ್ಲಿಯೂ ಸುಗಂಧತೈಲವಿರುವುದರಿಂದ ಅದನ್ನು ಬೇರುಸಹಿತ ಕೀಳುವುದು ರೂಢಿ. ಅದಕ್ಕೆ ಅರಣ್ಯ ಇಲಾಖೆಯ ನಿಯಮಗಳು ಪ್ರತ್ಯೇಕ.

ಕರಾರು

ಕಡಿಯುವ ದರದಲ್ಲಿ ಬೊಡ್ಡೆ ತೆಗೆಯುವುದು ಸೇರಿದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಬೇಕು. ಉದಾಹರಣೆಗಾಗಿ, ಒಬ್ಬ ವರ್ತಕರ ಮುಂದೆ ಎರಡು ದರಗಳಿವೆಯೆಂದು ಭಾವಿಸೋಣ: ಕಡಿಯಲು ಮಾತ್ರ ರೂ. 12,000, ಬೊಡ್ಡೆ ಸಹಿತ ರೂ. 18,000. ಅವರು ಮೊದಲನೆಯದನ್ನು ಒಪ್ಪುತ್ತಾರೆ. ಮರುವರ್ಷ ಬೊಡ್ಡೆ ತೆಗೆಸಲು ರೂ. 9,000, ಅದರಿಂದ ಕೆಟ್ಟ ಗೋಡೆಯ ದುರಸ್ತಿಗೆ ರೂ. 7,000 ತೆರುತ್ತಾರೆ. ಒಟ್ಟು ರೂ. 28,000. ಕಡಿಮೆ ದರವೇ ರೂ. 10,000 ಹೆಚ್ಚಾಯಿತು.

ಅರೆಯುವ ಆಳ, ಚೂರುಗಳ ಸಾಗಣೆ, ಗುಂಡಿ ತುಂಬುವಿಕೆ, ಗೋಡೆ, ಕೊಳವೆ ಹಾಗೂ ವಿದ್ಯುತ್ ಕೇಬಲಿಗೆ ಹಾನಿಯಾದಲ್ಲಿ ಹೊಣೆ ಯಾರದು, ಇಷ್ಟೂ ಕರಾರಿನಲ್ಲಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗಿದ್ದಲ್ಲಿ, ಅನುಮತಿಪತ್ರದ ಪ್ರತಿಯನ್ನು ಬಿಲ್ಲಿನೊಡನೆ ಕಾಪಾಡಿಕೊಳ್ಳುವುದು ಕ್ಷೇಮ.

ಲೆಕ್ಕಪತ್ರ

ಕೆಲಸ ಒಂದೇ ಆದರೂ ಉದ್ದೇಶಕ್ಕನುಗುಣವಾಗಿ ಖಾತೆ ಬದಲಾಗುತ್ತದೆ.

ಅ) ಹೊಸ ಶೆಡ್ಡು ಕಟ್ಟುವ ಸಲುವಾಗಿ ತೆಗೆಸಿದಲ್ಲಿ ಅದು ನಿವೇಶನ ಸಿದ್ಧತೆಯ ವೆಚ್ಚ. ಲೆಕ್ಕಪತ್ರ ಮಾನಕ 10ರ ಪ್ರಕಾರ ಇದನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸತಕ್ಕದ್ದು. ಸ್ವಂತ ಕಟ್ಟಡದ ನಿರ್ಮಾಣಕ್ಕೆ ಸಂದಾಯ ಮಾಡಿದ ಜಿಎಸ್‌ಟಿಗೆ ಹೂಡುವಳಿ ತೆರಿಗೆಯ ಜಮೆ ಸಾಮಾನ್ಯವಾಗಿ ದೊರೆಯದು.

ಆ) ಈಗಿರುವ ಆವರಣದಲ್ಲಿ ಸರಕು ಸಾಗಣೆಗೆ ಅಡ್ಡಿಯಾದ ಬೊಡ್ಡೆಯನ್ನು ತೆಗೆಸಿದಲ್ಲಿ ಅದು ಸಾಮಾನ್ಯವಾಗಿ ನಿರ್ವಹಣಾ ವೆಚ್ಚವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ.

ಇ) ಮಾಲೀಕರ ವಾಸದ ಮನೆಯದಾದಲ್ಲಿ ಅದು ಡ್ರಾಯಿಂಗ್ಸ್ ಖಾತೆಗೆ ಸೇರತಕ್ಕದ್ದು. ಬಿಲ್ಲು ಅಂಗಡಿಯ ಹೆಸರಿನಲ್ಲಿದ್ದ ಮಾತ್ರಕ್ಕೆ ಮನೆಯ ಖರ್ಚು ವ್ಯಾಪಾರದ ಖರ್ಚಾಗದು; ಅದರ ತೆರಿಗೆ ಜಮೆಯನ್ನೂ ಪಡೆಯುವಂತಿಲ್ಲ. ತಪಾಸಣೆಯಲ್ಲಿ ಇಂತಹ ಸಣ್ಣ ನಮೂದು ಹೊರಬಿದ್ದರೆ ಉಳಿದ ಲೆಕ್ಕಗಳ ಮೇಲೂ ಅನುಮಾನ ಮೂಡುತ್ತದೆ.

ಆದುದರಿಂದ ಮರಕ್ಕೆ ಕೊಡಲಿ ಹಾಕಿಸುವ ಮುನ್ನವೇ ಬೊಡ್ಡೆಯ ಕರಾರನ್ನೂ ಅದರ ಖಾತೆಯನ್ನೂ ನಿರ್ಧರಿಸಿಕೊಳ್ಳುವುದು ವಿವೇಕದ ಮಾರ್ಗ.